ತಲೆ ಒಳಗಿಡಿ, ಅಂಕಲ್

ಕಬ್ಬನ್ ಪಾರ್ಕಿನಲ್ಲಿ ಹತ್ತು ಕಿಲೋಮೀಟರ್ ಓಡಿಬಂದು, ಬೆವರು ಒರೆಸಿಕೊಳ್ಳುತ್ತಲೇ ಪೇಟೆ ರಾಜಕೀಯ ಮಾತಾಡಬಲ್ಲ ನಲವತ್ತೈದರ ಒಬ್ಬರು ಮೊದಲ ಸಲ ಈಜುಕೊಳಕ್ಕೆ ಇಳಿದರೆ ಏನಾಗುತ್ತದೆ? 25 ಮೀಟರಿನ ಕೊಳದಲ್ಲಿ ಅರ್ಧ ದಾಟುವಷ್ಟರಲ್ಲಿ ಏದುಸಿರು. ಕಂಬಿ ಹಿಡಿದು ಕೆಮ್ಮುತ್ತಾ ನಿಲ್ಲುತ್ತಾರೆ. ಪಕ್ಕದ ಲೇನಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನಾಲ್ಕನೇ ಸುತ್ತು ಮುಗಿಸಿ ಗಾಗಲ್ಸ್ ಸರಿಮಾಡಿಕೊಳ್ಳುತ್ತಿರುತ್ತಾಳೆ. ದಂಡೆಯ ಮೇಲಿಂದ ಇಪ್ಪತ್ತೆರಡರ ಕೋಚ್ ಕೂಗುತ್ತಾನೆ: ‘ಅಂಕಲ್, ತಲೆ ಒಳಗಿಡಿ! ಎತ್ತಬೇಡಿ ಅಂತ ಎಷ್ಟು ಸಲ ಹೇಳ್ಲಿ?’ ಕಚೇರಿಯಲ್ಲಿ ಒಂದಿಡೀ ವಿಭಾಗ ಈ ಅಂಕಲ್ ಹೇಳಿದ್ದನ್ನು ಕೇಳುತ್ತದೆ. ಇಲ್ಲಿ ಅವರ ಕಾಲೇ ಅವರ ಮಾತು ಕೇಳುತ್ತಿಲ್ಲ.

ನೋಡಿದವರು ತಪ್ಪನ್ನು ವಯಸ್ಸಿನ ತಲೆಗೆ ಕಟ್ಟುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಹೇಗೂ ಬಾಯಲ್ಲೇ ಇದೆ. ಆದರೆ ಈಜುಕೊಳದಲ್ಲಿ ಆ ಗಾದೆಗೆ ಹೆಚ್ಚು ಕೆಲಸವಿಲ್ಲ. ದೊಡ್ಡವರನ್ನು ಇಲ್ಲಿ ಕಾಡುವುದು ಬಗ್ಗದ ಮೈ ಅಲ್ಲ. ನಲವತ್ತು ವರ್ಷ ನೆಲದ ಮೇಲೆ ಒಮ್ಮೆಯೂ ಕೈಕೊಡದ ತಿಳಿವಳಿಕೆ. ಉಸಿರು ಕಟ್ಟುತ್ತಿದ್ದರೆ ಇನ್ನಷ್ಟು ಎಳೆದುಕೋ. ಬೀಳುವ ಹಾಗಾದರೆ ತಲೆ ಮೇಲೆತ್ತು. ಅಪಾಯ ಕಂಡರೆ ಮೈ ಬಿಗಿಹಿಡಿ. ನೆಲದ ಮೇಲೆ ಮೂರೂ ಸರಿ. ನೀರಿನಲ್ಲಿ ಮೂರೂ ಮುಳುಗಿಸುತ್ತವೆ. ಈಜು ಕಲಿಯಲು ಹೋದವರು ಏನೂ ತಿಳಿಯದವರಲ್ಲ, ತಿಳಿದದ್ದನ್ನೆಲ್ಲ ತಿರುವಿಹಾಕಿಕೊಳ್ಳಬೇಕಾದವರು. ಸೊನ್ನೆಯಿಂದ ಶುರುಮಾಡುವ ಮಗುವಿಗೆ ಈ ಹೊರೆ ಇಷ್ಟಿರುವುದಿಲ್ಲ.

ಉಸಿರನ್ನೇ ನೋಡಿ. ಉಸಿರಾಡಬೇಕೆಂಬ ಒತ್ತಡ ನಮ್ಮೊಳಗೆ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದರಿಂದ. ಹೊಸಬರು ಮುಖ ನೀರೊಳಗಿಡುವ ಮುನ್ನ ದೊಡ್ಡದಾಗಿ ಗಾಳಿ ಎಳೆದುಕೊಂಡು ಹಾಗೇ ಬಿಗಿಹಿಡಿಯುತ್ತಾರೆ. ಒಳಗಿನ ಗಾಳಿ ಹೊರಹೋಗುವುದೇ ಇಲ್ಲ. ನಾಲ್ಕು ಕೈ ಬೀಸುವುದರೊಳಗೆ ಎದೆ ಒಡೆಯುವಂತಾಗಿ ಗಾಬರಿಯಿಂದ ತಲೆ ಎತ್ತುತ್ತಾರೆ. ಬಾಯಿ ಹೊರಗಿರುವ ಆ ಒಂದು ಕ್ಷಣದಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಎಳೆದುಕೊಳ್ಳಲು ಹೋಗಿ ಎರಡೂ ಅರ್ಧಂಬರ್ಧವಾಗುತ್ತವೆ, ಜೊತೆಗೆ ಒಂದು ಗುಟುಕು ಕ್ಲೋರಿನ್ ನೀರು. ಅಂಕಲ್ ಏದುಸಿರು ಬಿಡುವುದಕ್ಕೆ ಕಾರಣ ಎದೆಗೂಡಿನ ದೌರ್ಬಲ್ಯ ಅಲ್ಲ, ಗಾಳಿಯ ಜಿಪುಣತನ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗಿನಿಂದ ಗುಳ್ಳೆ ಬಿಡುತ್ತಿರಬೇಕು. ಪಕ್ಕಕ್ಕೆ ಹೊರಳಿದಾಗ ಎಳೆದುಕೊಳ್ಳುವುದೊಂದೇ ಉಳಿದಿರಬೇಕು. ಕೋಚುಗಳು ಮೊದಲ ದಿನ ಕಂಬಿ ಹಿಡಿಸಿ ಬರೀ ಗುಳ್ಳೆ ಬಿಡಿಸುವುದು ಇದಕ್ಕೇ. ‘ಮಕ್ಕಳಾಟ ಆಡಿಸ್ತಿದಾನೆ’ ಎಂದು ಬೇಸರಪಟ್ಟು ಅದನ್ನು ಹಾರಿಸಿ ಮುಂದೆ ಹೋದವರೇ ಆಮೇಲೆ ಅರ್ಧ ಕೊಳದಲ್ಲಿ ನಿಲ್ಲುವುದು.

ಇನ್ನು ತಲೆಯ ವಿಷಯ. ಮನುಷ್ಯನ ಮೈಯ ಸಾಂದ್ರತೆ ನೀರಿನದಕ್ಕೆ ತೀರಾ ಹತ್ತಿರ. ಎದೆ ತುಂಬ ಗಾಳಿಯಿದ್ದರೆ ಬಹುತೇಕ ಎಲ್ಲರೂ ತೇಲುತ್ತಾರೆ, ಪೂರ್ತಿ ಬಿಟ್ಟರೆ ಹಲವರು ಮುಳುಗುತ್ತಾರೆ. ಗಾಳಿಚೀಲಗಳಿರುವುದು ಎದೆಯಲ್ಲಿ, ತೂಕದ ಮೂಳೆ ಮಾಂಸಖಂಡ ಹೆಚ್ಚಿರುವುದು ಸೊಂಟದ ಕೆಳಗೆ. ಹೀಗಾಗಿ ಸುಮ್ಮನೆ ಬೋರಲು ಬಿದ್ದರೂ ಎದೆ ತೇಲಿ ಕಾಲು ಇಳಿಯುತ್ತದೆ. ಗಂಡಸರಿಗೆ ಇದು ಸಾಮಾನ್ಯವಾಗಿ ಹೆಚ್ಚು. ಹೆಂಗಸರ ಕಾಲು ಅಷ್ಟು ಬೇಗ ಇಳಿಯುವುದಿಲ್ಲ. ಇದರ ಮೇಲೆ ನಾಲ್ಕೈದು ಕಿಲೋ ತೂಗುವ ತಲೆಯನ್ನು ನೀರಿನಿಂದ ಹೊರಗೆತ್ತಿದರೆ ಅದನ್ನು ಹೊರುವ ಕೆಲಸ ನೀರಿನದಲ್ಲ, ನಿಮ್ಮದು. ತಲೆ ಮೇಲೆದ್ದಷ್ಟೂ ಸೊಂಟ ಕೆಳಗೆ, ಸೊಂಟ ಇಳಿದಷ್ಟೂ ಮೈ ನೀರಿಗೆ ಅಡ್ಡ. ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದ ನೀರಿಗೆ ಎದೆ ತೊಡೆ ಎಲ್ಲ ಅಡ್ಡಹಾಕಿಕೊಂಡು ಮುಂದೆ ಹೋಗುವುದೆಂದರೆ ದಣಿವಲ್ಲದೆ ಇನ್ನೇನು? ನುರಿತ ಈಜುಗಾರರೂ ಖರ್ಚು ಮಾಡುವ ಶಕ್ತಿಯಲ್ಲಿ ಹತ್ತನೇ ಒಂದು ಪಾಲನ್ನೂ ಮುನ್ನಡೆಗೆ ದಕ್ಕಿಸಿಕೊಳ್ಳಲಾರರು. ಹೊಸಬರ ಲೆಕ್ಕ ಕೇಳುವುದೇ ಬೇಡ. ಓಟದಲ್ಲಿ ಗಳಿಸಿದ ದಮ್ಮು ಇಲ್ಲಿ ಬೆಂಬಲಕ್ಕೆ ಬಾರದೆ ಸೋರಿಹೋಗುವುದು ಹೀಗೆ.

ಮೂರನೆಯದು ಬಿಗಿತ. ಇದನ್ನು ಬೈಯುವಷ್ಟು ಇನ್ನಾವುದನ್ನೂ ಕೋಚುಗಳು ಬೈಯುವುದಿಲ್ಲ. ‘ರಿಲ್ಯಾಕ್ಸ್ ಆಗಿ, ರಿಲ್ಯಾಕ್ಸ್!’ ಎಂದು ಅರಚಿದರೆ ಯಾರು ತಾನೇ ಸಡಿಲವಾದಾರು? ಬಿಗಿತಕ್ಕೊಂದು ಅರ್ಥವಿದೆ ಎಂದು ತೋರಿಸಿದ್ದು ರಷ್ಯದ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿ ಅವರು ಉಳಿಯ ಮೇಲೆ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬು ಕಟ್ಟಿ, ಕೈಯಾಡುವ ದಾರಿಯನ್ನು ಫಿಲಂ ಮೇಲೆ ಹಿಡಿದರು. ಸುತ್ತಿಗೆ ಪ್ರತಿ ಸಲವೂ ಬೀಳಬೇಕಾದಲ್ಲೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಒಂದು ಸಲದಂತೆ ಇನ್ನೊಂದು ಸಲ ಇರಲಿಲ್ಲ. ನುರಿತವರು ಒಂದೇ ಚಲನೆಯನ್ನು ಬಾಯಿಪಾಠ ಮಾಡಿದವರಲ್ಲ, ಒಂದು ಕೀಲು ತಪ್ಪಿದರೆ ಇನ್ನೊಂದರಿಂದ ಸರಿದೂಗಿಸಿಕೊಳ್ಳಬಲ್ಲವರು. ತೋಳೊಂದೇ ಏಳು ಬಗೆಯಲ್ಲಿ ತಿರುಗಬಲ್ಲದು. ಇಡೀ ಮೈಯ ಕೀಲುಗಳನ್ನೆಲ್ಲ ಒಟ್ಟಿಗೆ ಅಂಕೆಯಲ್ಲಿಡಲು ಹೊಸಬರಿಗೆ ಆಗುವುದಿಲ್ಲ. ಅದಕ್ಕೆ ಮಿದುಳು ಹಲವು ಕೀಲುಗಳಿಗೆ ಬೀಗ ಜಡಿದು, ಎರಡು ಮೂರನ್ನಷ್ಟೇ ಆಡಲು ಬಿಡುತ್ತದೆ. ಸ್ಕೂಟರ್ ಕಲಿಯುವವರು ಭುಜದಿಂದ ಬೆರಳಿನವರೆಗೆ ಸೆಟೆದುಕೊಂಡು ಹ್ಯಾಂಡಲ್ ಹಿಡಿಯುವುದೂ ಇದೇ. ಅದು ದಡ್ಡತನವಲ್ಲ, ಆ ಹೊತ್ತಿಗೆ ಮಿದುಳಿಗೆ ಹೊಳೆದ ಒಳ್ಳೆಯ ಉಪಾಯ. ಹಿಡಿತ ಬಂದಂತೆಲ್ಲ ಬೀಗಗಳು ಒಂದೊಂದಾಗಿ ತೆರೆಯುತ್ತವೆ. ಕೂಗಿ ತೆರೆಸಲಾಗದು.

ಹಾಗಾದರೆ ಹೊಸಬರಿಗೆ ಏನು ಕೊಡಬೇಕು? ನನಗೆ ತೋರುವಂತೆ ಇದಕ್ಕೆ ಅತ್ಯುತ್ತಮ ಉತ್ತರ ಕೊಟ್ಟವರು ಈಜು ಕೋಚ್ ಅಲ್ಲ, ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿನ ಪ್ರಯೋಗದ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಅದೇ ಫ್ರಾಂಕ್ಲಿನ್. ಇಪ್ಪತ್ತರ ಹರೆಯದಲ್ಲಿ ಲಂಡನ್ನಿನಲ್ಲಿ ಅಚ್ಚುಕೂಟದ ಕೆಲಸಕ್ಕಿದ್ದಾಗ ಥೇಮ್ಸ್ ನದಿಯಲ್ಲಿ ಚೆಲ್ಸಿಯಿಂದ ಬ್ಲ್ಯಾಕ್‌ಫ್ರಯರ್ಸ್‌ವರೆಗೆ ಈಜಿದವರು. ಇಬ್ಬರಿಗೆ ಎರಡೇ ಸಲ ನದಿಗಿಳಿಸಿ ಈಜು ಕಲಿಸಿದವರು. ಮುಂದೆ ಆಲಿವರ್ ನೀವ್ ಎಂಬ ಗೆಳೆಯರು, ಈಜು ಕಲಿಯುವ ವಯಸ್ಸು ನನಗೆ ದಾಟಿತು ಎಂದು ಕೈಚೆಲ್ಲಿದಾಗ ಫ್ರಾಂಕ್ಲಿನ್ ಅವರಿಗೊಂದು ಕಾಗದ ಬರೆದರು. ಧೈರ್ಯ ತಂದುಕೋ ಎಂಬ ಬರಿಮಾತಿನ ಬದಲು ಅದರಲ್ಲಿದ್ದದ್ದು ಒಂದು ಮೊಟ್ಟೆ. ನಿಧಾನವಾಗಿ ಆಳವಾಗುವ ನೀರಿಗೆ ಎದೆಮಟ್ಟ ನಡೆದುಹೋಗಿ, ದಡದ ಕಡೆ ಮುಖ ತಿರುಗಿಸಿ, ನಿಮಗೂ ದಡಕ್ಕೂ ನಡುವೆ ಒಂದು ಮೊಟ್ಟೆ ಎಸೆಯಿರಿ. ತಿಳಿನೀರಿನಲ್ಲಿ ಅದು ತಳದಲ್ಲಿ ಬೆಳ್ಳಗೆ ಕಾಣುತ್ತದೆ. ಈಗ ಮುಳುಗಿ ಅದನ್ನು ಎತ್ತಲು ನೋಡಿ. ಮುಳುಗುವುದು ಅಂದುಕೊಂಡಷ್ಟು ಸುಲಭವಲ್ಲ, ನೀರು ಬೇಡವೆಂದರೂ ಮೇಲಕ್ಕೆ ತಳ್ಳುತ್ತದೆ ಎಂಬುದು ಆಗ ತಾನಾಗಿ ಮನದಟ್ಟಾಗುತ್ತದೆ. ಹೋಗುವುದು ದಡದ ಕಡೆಗೇ ಆದ್ದರಿಂದ ಬೇಕೆಂದಾಗ ಎದ್ದು ನಿಲ್ಲಲೂಬಹುದು.

ಇನ್ನೂರೈವತ್ತು ವರ್ಷ ದಾಟಿದರೂ ಈ ಪಾಠದಲ್ಲಿ ತಿದ್ದಲು ಏನೂ ಇಲ್ಲ. ನೀರು ನಿನ್ನನ್ನು ಎತ್ತಿಹಿಡಿಯುತ್ತದೆ ಎಂದು ಹೇಳಿದರೆ ತಲೆ ಒಪ್ಪುತ್ತದೆ, ಮೈ ಒಪ್ಪುವುದಿಲ್ಲ. ಮೈಗೆ ಮೊಟ್ಟೆಯ ಕಡೆ ಗಮನ ಕೊಟ್ಟು ತೇಲುವುದನ್ನು ಅದೇ ಕಂಡುಕೊಳ್ಳುವಂತೆ ಮಾಡಬೇಕು. ಇಂದು ಕೊಳಗಳಲ್ಲಿ ತಳಕ್ಕೆ ಬಣ್ಣದ ರಿಂಗ್ ಎಸೆದು ಮಕ್ಕಳಿಂದ ಎತ್ತಿಸುತ್ತಾರಲ್ಲ, ಅದು ಇದರ ಮರಿಮಗ. ದೊಡ್ಡವರ ಬ್ಯಾಚಿನಲ್ಲಿ ಮಾತ್ರ ಆ ಆಟವಿಲ್ಲ. ಅವರಿಗೆ ಭಾಷಣವಿದೆ.

ಮೊಟ್ಟೆಗೆ ಸಮನಾದ ಉಪಾಯಗಳು ನಮ್ಮ ಹಳ್ಳಿಗಳಲ್ಲೂ ಇದ್ದವು. ಒಣಗಿದ ಸೋರೆ ಬುರುಡೆ, ಕತ್ತಾಳೆಯ ಬೆಂಡು, ಮುಚ್ಚಳ ಬಿಗಿದ ಖಾಲಿ ಎಣ್ಣೆ ಡಬ್ಬ, ಆಮೇಲೆ ಲಾರಿ ಟ್ಯೂಬು. ಇವನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಮೇಲಿನಿಂದ ಹಗ್ಗ ಹಿಡಿದು ನಿಲ್ಲಲು ಅಪ್ಪನೋ ಮಾವನೋ ಇರುತ್ತಿದ್ದರು. ಕಲಿತಂತೆಲ್ಲ ಬೆಂಡು ಸಣ್ಣದಾಗುತ್ತಾ ಹೋಗಿ ಒಂದು ದಿನ ಇಲ್ಲವಾಗುತ್ತಿತ್ತು. ಬಲು ಜಾಣತನದ ಏರ್ಪಾಡು. ಆದರೆ ಈ ನೆನಪುಗಳ ಜೊತೆ ಇನ್ನೊಂದು ಕಥೆಯೂ ಹೆಮ್ಮೆಯಿಂದ ಓಡಾಡುತ್ತದೆ: ‘ನಮ್ಮಪ್ಪ ನನ್ನ ಎತ್ತಿ ಬಾವಿಗೆ ಎಸೆದ, ಎದ್ದುಬಂದೆ, ಕಲ್ತೆ.’ ಈ ವಿಧಾನವನ್ನು ನಾನು ನಂಬುವುದಿಲ್ಲ. ಹಾಗೆ ಎಸೆಯಿಸಿಕೊಂಡು ನೀರಿನ ಹತ್ತಿರವೇ ಸುಳಿಯದೆ ಉಳಿದವರು ಆ ಕಥೆ ಹೇಳುವುದಿಲ್ಲ. ಏಳದವರಂತೂ ಹೇಳಲು ಇಲ್ಲ. ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಐವತ್ತು ದಾಟಿ ಈಜು ಕಲಿಯಲು ಬರುವವರನ್ನು ಮೆಲ್ಲಗೆ ಮಾತಿಗೆಳೆಯಿರಿ. ಬಾಲ್ಯದ ಒಂದು ನೂಕು ಎಷ್ಟೋ ಜನರ ಬಾಯಿಂದ ಹೊರಬರುತ್ತದೆ.

ಹಳ್ಳಿಯ ಈಜಿನ ಬಗ್ಗೆ ಇನ್ನೊಂದು ತಮಾಷೆಯಿದೆ. ಬಾವಿಯಲ್ಲಿ, ಹೊಳೆಯಲ್ಲಿ ಚೆನ್ನಾಗಿಯೇ ಈಜಿ ಬೆಳೆದವರು ಪಟ್ಟಣದ ಕೊಳದಲ್ಲಿ ಫ್ರೀಸ್ಟೈಲ್ ಕಲಿಯಲು ಸೇರಿದರೆ, ಏನೂ ಬಾರದವರಿಗಿಂತ ಹೆಚ್ಚು ಒದ್ದಾಡುತ್ತಾರೆ. ಅವರದು ತಲೆ ಮೇಲಿಟ್ಟ ಈಜು. ಹಾವು ಬಂತೇ, ದಡ ಎಲ್ಲಿದೆ, ಜೊತೆಗಾರ ಎಲ್ಲಿ ಎಂದು ನೋಡಿಕೊಂಡೇ ಈಜಬೇಕಾದ ಜಾಗದಲ್ಲಿ ಅದು ಸರಿಯಾದದ್ದೇ. ಕೊಳದಲ್ಲಿ ಅದೇ ಅಡ್ಡಿ. ಮುಳುಗುವ ಭಯವಿಲ್ಲದಿದ್ದರೂ ಕತ್ತು ಬಗ್ಗದು. ‘ನಂಗೆ ಈಜು ಬರತ್ತೆ ಕಣಪ್ಪಾ’ ಎಂದು ಮೊದಲೇ ಹೇಳಿ ಸೇರಿದವರಿಗೆ ಕಿಕ್ ಬೋರ್ಡ್ ಕೈಗೆ ಕೊಟ್ಟು ಮಕ್ಕಳ ಸಾಲಿನಲ್ಲಿ ನಿಲ್ಲಿಸಿದಾಗ ಮುಖ ನೋಡಬೇಕು.

ಬಲ್ಲವರು ಹೊಸಬರಾಗಲು ಒಪ್ಪದಿರುವುದು ಒಬ್ಬಿಬ್ಬರ ಕಥೆಯಲ್ಲ, ಒಂದು ದೇಶವೇ ಹಾಗೆ ಮಾಡಿದ್ದುಂಟು. 1844ರಲ್ಲಿ ಲಂಡನ್ನಿನ ಈಜು ಸಂಘವೊಂದು ಉತ್ತರ ಅಮೆರಿಕದ ಒಜಿಬ್ವೆ ಬುಡಕಟ್ಟಿನ ಇಬ್ಬರನ್ನು ಸ್ಪರ್ಧೆಗೆ ಕರೆಸಿತು. ಅವರು ತೋಳುಗಳನ್ನು ನೀರಿನಿಂದ ಹೊರಗೆತ್ತಿ ಬೀಸುತ್ತಾ, ಕಾಲು ಬಡಿಯುತ್ತಾ ಅರ್ಧ ನಿಮಿಷದಲ್ಲಿ 130 ಅಡಿ ಕೊಳ ದಾಟಿದರು. ಇಂಗ್ಲಿಷರು ಆಗ ಈಜುತ್ತಿದ್ದದ್ದು ತಲೆ ಮೇಲಿಟ್ಟ, ನೀರು ಚಿಮ್ಮದ ಗಂಭೀರ ಬ್ರೆಸ್ಟ್‌ಸ್ಟ್ರೋಕ್. ವೇಗ ಕಣ್ಣಿಗೆ ಕಂಡರೂ ಅವರು ಅದನ್ನು ಕಲಿಯಲಿಲ್ಲ. ಅನಾಗರಿಕ ಎಂದು ಮೂಗುಮುರಿದರು. ತೋಳು ಹೊರಗೆ ಬೀಸುವ ಈಜು ಜಾನ್ ಟ್ರಜನ್ ಎಂಬವರ ಮೂಲಕ ಅಲ್ಲಿ ಚಾಲ್ತಿಗೆ ಬಂದದ್ದು 1873ರ ಹೊತ್ತಿಗೆ. ನಮ್ಮ ಹಳ್ಳಿಯ ಈಜುಗಾರರು ಕತ್ತು ಬಗ್ಗಿಸಲು ನಾಲ್ಕು ವಾರ ತೆಗೆದುಕೊಂಡರೆ ನಗುವುದು ಬೇಡ.

ಇಷ್ಟೆಲ್ಲ ಶರೀರದ ಮಾತಾಯಿತು. ನಾಚಿಕೆಯದೂ ದೊಡ್ಡ ಪಾಲಿದೆ. ಹೊಸದಾಗಿ ಚೆಸ್ ಕಲಿಯುವವರ ಸೋಲು ಮನೆಯೊಳಗೆ ಮುಗಿಯುತ್ತದೆ. ಕೊಳದಲ್ಲಿ ಬಟ್ಟೆ ಬಿಚ್ಚಿ, ತಲೆಗೆ ರಬ್ಬರ್ ಟೋಪಿ ಎಳೆದು, ಹೊಟ್ಟೆ ಹೊರಗಿಟ್ಟು, ಮಕ್ಕಳನ್ನು ಬಿಡಲು ಬಂದ ಪೋಷಕರೆದುರು ಸೋಲಬೇಕು. ಎಚ್ಚರಿಕೆಯಿಂದ ಕಟ್ಟಿಕೊಂಡ ಮರ್ಯಾದೆಯೆಲ್ಲ ಲಾಕರಿನಲ್ಲಿರುತ್ತದೆ. ಗಂಡಸರು ಇದನ್ನು ಒಬ್ಬೊಬ್ಬರೇ ನುಂಗಿಕೊಳ್ಳುತ್ತಾರೆ. ಯಾರೂ ನೋಡದ ಹೊತ್ತಿನಲ್ಲಿ ಬರುತ್ತಾರೆ, ಮೂಲೆಯ ಲೇನ್ ಹಿಡಿಯುತ್ತಾರೆ. ಲೇಡೀಸ್ ಬ್ಯಾಚುಗಳ ರೀತಿಯೇ ಬೇರೆ. ಅಲ್ಲಿ ‘ರೀ, ಕೈ ಬಿಡ್ಬೇಡ್ರೀ’ ಎಂದು ಒಬ್ಬರು ಇನ್ನೊಬ್ಬರ ಮಣಿಕಟ್ಟು ಹಿಡಿದಿರುತ್ತಾರೆ, ಒಬ್ಬರು ನೀರು ಕುಡಿದರೆ ಇಡೀ ಬ್ಯಾಚು ನಗುತ್ತದೆ, ಕುಡಿದವರೂ ಸೇರಿ. ಹಳ್ಳಿಯ ಬಾವಿ ಹೆಚ್ಚಾಗಿ ಹುಡುಗರದಾಗಿತ್ತು; ಅಣ್ಣ ಧುಮುಕುವುದನ್ನು ಮೆಟ್ಟಿಲ ಮೇಲೆ ಬಟ್ಟೆ ಕಾಯುತ್ತಾ ನೋಡಿದ ತಂಗಿಯರು ಈಗ ಅಜ್ಜಿಯರಾಗುವ ವಯಸ್ಸಿನಲ್ಲಿ ತೋಳು ಮುಚ್ಚುವ ಈಜುಡುಪು ಕೊಂಡು ಇಳಿಯುತ್ತಿದ್ದಾರೆ. ಕಲಿಕೆಯ ವೇಗ ಅಳೆಯಲು ನನ್ನ ಬಳಿ ಗಡಿಯಾರವಿಲ್ಲ, ಆದರೆ ಬಿಟ್ಟುಹೋಗುವವರು ಈ ಬ್ಯಾಚುಗಳಲ್ಲಿ ಕಡಿಮೆ ಎಂದು ಕೊಳದವರು ಹೇಳಿದರೆ ನನಗೆ ಆಶ್ಚರ್ಯವಿಲ್ಲ.

ಮಕ್ಕಳಿಗೆ ಎಲ್ಲ ಸಲೀಸು ಎಂದೇನೂ ಅಲ್ಲ. ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದವರು, ಭಾರತ ತಂಡದ ಅತಿ ಕಿರಿಯರು. ಚಿಕ್ಕವಳಿದ್ದಾಗ ನೀರೆಂದರೆ ಇಷ್ಟವೇ ಇರಲಿಲ್ಲ, ತಲೆ ನೀರೊಳಗಿಡಲು ಆಗುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ವ್ಯತ್ಯಾಸ ಏನೆಂದರೆ, ಆರು ವರ್ಷದ ಮಗು ಅತ್ತರೆ ಯಾರೂ ಅದನ್ನು ಸೋಲೆಂದು ಕರೆಯುವುದಿಲ್ಲ.

ಕಲಿಸುವವರ ಕಡೆಗೂ ಸ್ವಲ್ಪ ತಿರುಗೋಣ. ಚಲನೆಯ ಕಲಿಕೆ ಮೂರು ಹಂತಗಳಲ್ಲಿ ಸಾಗುತ್ತದೆ ಎಂದು ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಬರೆದರು. ಮೊದಲ ಹಂತದಲ್ಲಿ ಪ್ರತಿ ಚಲನೆಗೂ ತಲೆಯೊಳಗೆ ಮಾತು ಬೇಕು, ಕೊನೆಯ ಹಂತದಲ್ಲಿ ಮಾತೇ ಬೇಡ. ಓದುಬರಹದ ಕಸುಬಿನವರು ಮೊದಲ ಹಂತದಲ್ಲೇ ಬಿಡಾರ ಹೂಡುವುದು ಹೆಚ್ಚು. ಯೂಟ್ಯೂಬ್ ನೋಡಿ ಮೊಣಕೈಯ ಕೋನ, ಹಿಮ್ಮಡಿಯ ತಿರುವು ಎಲ್ಲ ಅರೆದು ಕುಡಿದು ಬಂದಿರುತ್ತಾರೆ, ನೀರಿಗಿಳಿದ ಮೇಲೂ ಅದನ್ನೇ ಜಪಿಸುತ್ತಾರೆ. ಕೋಚ್ ಕೂಡ ‘ಕೈ ಹಿಂದಕ್ಕೆ ಎಳೀರಿ, ಮಂಡಿ ಮಡಿಸಬೇಡಿ’ ಎಂದು ಅಂಗಾಂಗದ ಹೆಸರು ಹೇಳಿಯೇ ತಿದ್ದುತ್ತಾನೆ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉಲ್ಟಾ ದಾರಿ ತೋರಿಸಿತು. ಹಿಮದ ಮೇಲೆ ಜಾರುವುದನ್ನು ಕಲಿಸುವ ಯಂತ್ರದ ಮೇಲೆ, ತಮ್ಮ ಪಾದದ ಕಡೆ ಗಮನವಿಟ್ಟವರಿಗಿಂತ ಕಾಲಡಿಯ ಹಲಗೆಯ ಗಾಲಿಗಳ ಕಡೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಈಜಿನಲ್ಲೂ ಆಮೇಲೆ ಇದೇ ಬಗೆಯ ಫಲ ಕಂಡಿತು: ‘ಕೈ ಹಿಂದಕ್ಕೆಳೆ’ ಎನ್ನುವುದಕ್ಕಿಂತ ‘ನೀರನ್ನು ಹಿಂದಕ್ಕೆ ತಳ್ಳು’ ಎಂದಾಗ ವೇಗ ಹೆಚ್ಚಿತ್ತು. ಫ್ರಾಂಕ್ಲಿನ್ ಮೊಟ್ಟೆ ಎಸೆಯಿಸಿದ್ದರ ಒಳಗುಟ್ಟೂ ಇದೇ ಇರಬೇಕು. ‘ತಲೆ ಒಳಗಿಡಿ’ ಎಂದು ಗಂಟಲು ಹರಿದುಕೊಳ್ಳುವ ಕೋಚ್, ‘ತಳದ ಕಪ್ಪು ಗೆರೆ ನೋಡ್ತಾ ಬನ್ನಿ’ ಎಂದರೆ ತಲೆ ತಾನಾಗಿ ಒಳಗಿರುತ್ತದೆ.

ನಮ್ಮ ಕೊಳಗಳ ಪಾಠಕ್ರಮ ಬೇಸಿಗೆ ಶಿಬಿರದ ಮಕ್ಕಳಿಗೆಂದು ಹೊಲಿದದ್ದು. ದೊಡ್ಡವರು ಅದರೊಳಗೆ ತೂರಿಕೊಳ್ಳಬೇಕು. ಬಿಟ್ಟುಹೋಗುವವರು ಮೊದಲ ದಿನ ಬಿಡುವುದಿಲ್ಲ, ಎರಡನೇ ವಾರದಲ್ಲಿ ಬಿಡುತ್ತಾರೆ. ಹೊಸತರ ಉತ್ಸಾಹ ಇಳಿದಿರುತ್ತದೆ, ಗುಳ್ಳೆ ಬಂದಿರುತ್ತದೆ, ಕಾಲು ಬಡಿತ ಬಂದಿರುತ್ತದೆ, ಎರಡನ್ನೂ ಸೇರಿಸಲು ಹೋದರೆ ಎರಡೂ ಹೋಗಿರುತ್ತವೆ. ಹಿಂದಕ್ಕೆ ಬಿದ್ದೆವು ಎನಿಸುತ್ತದೆ. ಬೀಗ ತೆರೆಯುವ ಕೀಲುಗಳು ಗದ್ದಲ ಮಾಡುವ ಹೊತ್ತದು. ಆಗ ಹಟಕ್ಕೆ ಬಿದ್ದು ಭಾನುವಾರ ಮೂರು ಗಂಟೆ ನೀರಿನಲ್ಲಿ ಕೊಳೆಯುವುದಕ್ಕಿಂತ ವಾರದಲ್ಲಿ ನಾಲ್ಕು ದಿನ ಅರ್ಧರ್ಧ ಗಂಟೆ ಇಳಿಯುವುದು ಮೇಲು. ಬಿಡುವು ಕೊಟ್ಟು ಮಾಡಿದ ಅಭ್ಯಾಸ ಹೆಚ್ಚು ನಿಲ್ಲುತ್ತದೆ, ಕಲಿತ ಚಲನೆ ನಿದ್ದೆಯಲ್ಲೂ ಗಟ್ಟಿಯಾಗುತ್ತದೆ.

ಕೊನೆಗೆ ಎಲ್ಲಿ ನಿಲ್ಲಿಸಬೇಕು ಎಂಬುದರ ಬಗ್ಗೆ ನನ್ನದೊಂದು ತಕರಾರಿದೆ. 25 ಮೀಟರ್ ಫ್ರೀಸ್ಟೈಲ್ ಮುಗಿಸಿದರೆ ‘ಈಜು ಬಂತು’ ಎಂದು ಹೆಚ್ಚಿನ ಕಡೆ ಸರ್ಟಿಫಿಕೇಟ್ ಕೊಡುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಕರ್ನಾಟಕದಲ್ಲಿ 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಗಳಲ್ಲಿ ಕೃಷಿ ಹೊಂಡಗಳಾದವು. ನೀರು ಇಂಗದಂತೆ ಪ್ಲಾಸ್ಟಿಕ್ ಹಾಸಿದ ಆ ಹೊಂಡಗಳ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಕಾಲೂರಲು ಹಿಡಿ ಮಣ್ಣು ಸಿಗುವುದಿಲ್ಲ. ಅಲ್ಲಿ ಬಿದ್ದವರಿಗೆ ಫ್ರೀಸ್ಟೈಲಿನಿಂದ ಆಗುವುದೇನೂ ಇಲ್ಲ. ಮೈಮೇಲೆ ಬಟ್ಟೆ ಇರುವಂತೆಯೇ ಅಂಗಾತ ಮಲಗಿ, ಕಿವಿ ನೀರೊಳಗೆ ಬಿಟ್ಟು, ಬಾಯಿ ಮೂಗು ಮೇಲಿಟ್ಟು, ಯಾರಾದರೂ ಹಗ್ಗ ತರುವವರೆಗೆ ತೇಲಬೇಕು. ಹೊಸಬರಿಗೆ ಇದನ್ನು ಕೈ ಬೀಸುವುದಕ್ಕಿಂತ ಮೊದಲೇ ಕಲಿಸಬಹುದು. ಇದಕ್ಕೆ ದಮ್ಮು ಬೇಡ, ವೇಗ ಬೇಡ, ಚೆಂದ ಬೇಡ. ಹೊಟ್ಟೆಯ ಅಂಕಲ್‌ಗಳು ಓಟಗಾರರಿಗಿಂತ ಬೇಗ ಕಲಿಯುತ್ತಾರೆ, ಏಕೆಂದರೆ ಕೊಬ್ಬು ತೇಲುತ್ತದೆ. ಕೊಳದವರು ಸರ್ಟಿಫಿಕೇಟ್ ಕೊಡುವ ಮುನ್ನ ಪ್ಯಾಂಟು ಶರಟು, ಚೂಡಿದಾರ ಹಾಕಿಸಿ ಐದು ನಿಮಿಷ ಹೀಗೆ ತೇಲಿಸಿ ನೋಡಲಿ.